ನಾರ್ದರ್ನ್ ಸೋಲ್ ಕೇಳುವ ಕನ್ನಡಿಗರು ಯಾರಾದರೂ ಇದ್ದೀರಾ?

ಬೋಲ್ಟನ್‌ವಾಸಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಹಳೆ ಸಿನಿಮಾ ಹಾಡು, ಜಾಝ್, ರಾಕ್, ಗಜಲ್ ಎಲ್ಲದರ ಬಗ್ಗೆಯೂ ಮಾತು ನಡೆಯುತ್ತದೆ. ನಾನು ಜೀವನಪೂರ್ತಿ ಹಚ್ಚಿಕೊಂಡ ಸಂಗೀತದ ಬಗ್ಗೆ ಮಾತ್ರ ಯಾರೂ ಬರೆದಿದ್ದು ನೋಡಿಲ್ಲ. ಅದಕ್ಕೇ ನಾನೇ ಶುರು ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವು ಮಾಡಿಕೊಂಡು ಓದಿ.

ಅಪ್ಪ ಹಾಸನದ ಕಡೆಯವರು. 60ರ ದಶಕದ ಕೊನೆಯಲ್ಲಿ ಇಲ್ಲಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗೆ ಡಾಕ್ಟರಾಗಿ ಬಂದರು. ನಾನು ಬೆಳೆದಿದ್ದೆಲ್ಲ ಲ್ಯಾಂಕಾಶೈರ್‌ನಲ್ಲೇ. ಮನೆಯಲ್ಲಿ ಕನ್ನಡ, ಹೊರಗೆ ಬೀದಿಯ ಹುಡುಗರ ಬಾಯಲ್ಲಿ ನಾರ್ದರ್ನ್ ಸೋಲ್. ಸ್ನೇಹಿತರ ಅಣ್ಣಂದಿರ ಬೆನ್ನು ಹಿಡಿದು ವಿಗನ್ ಊರಿನ ವಿಗನ್ ಕ್ಯಾಸಿನೊಗೆ ಕುಣಿಯಲು ಹೋದೆ. ಅದು ಕ್ಯಾಸಿನೊದ ಕೊನೆಯ ವರ್ಷಗಳು. ಈಗ ನನಗೆ ಅರವತ್ತು ದಾಟಿದೆ. ಇನ್ನೂ ಕುಣಿಯುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 60ರ ದಶಕದಲ್ಲಿ ಅಮೆರಿಕದ ಡೆಟ್ರಾಯ್ಟ್, ಶಿಕಾಗೊ, ಫಿಲಡೆಲ್ಫಿಯಾ, ಲಾಸ್ ಏಂಜಲೀಸ್ ಊರುಗಳಲ್ಲಿ ಕಪ್ಪು ಗಾಯಕರು ಸಾವಿರಾರು ಸೋಲ್ ಹಾಡುಗಳನ್ನು ಧ್ವನಿಮುದ್ರಿಸಿದರು. ಏಳಿಂಚಿನ, ನಿಮಿಷಕ್ಕೆ 45 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಗಳು. ಒಂದೊಂದು ಹಾಡು ಎರಡೂವರೆ ನಿಮಿಷ. ಕೆಲವು ಹಿಟ್ ಆದವು. ಬಹುಪಾಲು ಯಾರ ಕಿವಿಗೂ ಬೀಳದೆ ಗೋದಾಮು ಸೇರಿದವು. ಹಾಗೆ ಗೋದಾಮು ಸೇರಿದ ತಟ್ಟೆಗಳನ್ನು ಹುಡುಕಿ ತಂದು, ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಮಧ್ಯ ಭಾಗದಲ್ಲಿ, ಗಿರಣಿ ಗಣಿ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗ ಹುಡುಗಿಯರು ರಾತ್ರಿಯಿಡೀ ಕುಣಿದರು.

ಈ ಹೆಸರು ಕೊಟ್ಟಿದ್ದು ಡೇವ್ ಗೋಡಿನ್ ಎಂಬ ಪತ್ರಕರ್ತ. ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಅವರದು ಸೋಲ್ ಸಿಟಿ ಅಂತ ಒಂದು ತಟ್ಟೆ ಅಂಗಡಿ ಇತ್ತು. ಫುಟ್‌ಬಾಲ್ ಪಂದ್ಯ ನೋಡಲು ಉತ್ತರದಿಂದ ಬಂದವರು ಅಂಗಡಿಗೂ ಬರುತ್ತಿದ್ದರು. ಆ ಹೊತ್ತಿಗೆ ಅಮೆರಿಕದಲ್ಲಿ ಫಂಕ್ ಎಂಬ ಹೊಸ ಬಗೆಯ ಸಂಗೀತದ ಗಾಳಿ ಬೀಸಿತ್ತು. ಇವರಿಗೆ ಅದು ಬೇಡ. ಕೆಲವು ವರ್ಷ ಹಿಂದಿನ ವೇಗದ ಹಾಡುಗಳೇ ಬೇಕು. ಉತ್ತರದ ಗಿರಾಕಿ ಬಂದರೆ ಇಂಥ ಹಾಡು ಹಾಕಿ ಅಂತ ಅಂಗಡಿ ಹುಡುಗರಿಗೆ ಹೇಳಲು ಗೋಡಿನ್ ಈ ಹೆಸರು ಬಳಸಿದರು. 1970ರಲ್ಲಿ ಬ್ಲೂಸ್ ಅಂಡ್ ಸೋಲ್ ಪತ್ರಿಕೆಯ ತಮ್ಮ ಅಂಕಣದಲ್ಲೂ ಬರೆದರು. ಹೆಸರು ನಿಂತಿತು.

ನನ್ನ ಮಟ್ಟಿಗೆ ಈ ಸಂಗೀತದ ದೊಡ್ಡತನ ಒಂದೇ. ಯಾವ ಹಾಡು ಉಳಿಯಬೇಕು ಅಂತ ತೀರ್ಮಾನ ಮಾಡಿದವರು ಕುಣಿಯುವವರು. ರೇಡಿಯೊ ಕೈಬಿಟ್ಟಿತ್ತು, ಕಂಪನಿ ಕೈಬಿಟ್ಟಿತ್ತು, ಹಾಡಿದವರೇ ಎಷ್ಟೋ ಸಲ ಮರೆತಿದ್ದರು. ಗ್ಲೋರಿಯಾ ಜೋನ್ಸ್ ಹಾಡಿದ 'ಟೇಂಟೆಡ್ ಲವ್' ನೋಡಿ. 60ರ ದಶಕದ ನಡುವಿನಲ್ಲಿ ಬಂದ ಹಾಡು, ಅದೂ ಒಂದು ತಟ್ಟೆಯ ಹಿಂಬದಿಯಲ್ಲಿ. ಯಾರೂ ಕೇಳಲಿಲ್ಲ. 1973ರಲ್ಲಿ ರಿಚರ್ಡ್ ಸರ್ಲಿಂಗ್ ಎಂಬ ಡಿಜೆ ಫಿಲಡೆಲ್ಫಿಯಾದಲ್ಲಿ ಅದನ್ನು ಹುಡುಕಿ ತಂದರು. ನಮ್ಮ ಕಡೆ ಎಲ್ಲರೂ ಅದಕ್ಕೆ ಕುಣಿದರು. 1981ರಲ್ಲಿ ಸಾಫ್ಟ್ ಸೆಲ್ ತಂಡ ಅದನ್ನೇ ಮತ್ತೆ ಹಾಡಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಇವತ್ತು ಆ ರಾಗ ಗೊತ್ತಿಲ್ಲದವರು ಕಡಿಮೆ. ಅದರ ಹಿಂದೆ ಒಂದು ಮರದ ನೆಲ, ಬೆವರು ಹರಿಸಿದ ಕಾಲುಗಳು ಇವೆ ಅನ್ನುವುದು ಎಷ್ಟು ಜನರಿಗೆ ಗೊತ್ತು?

ಇಲ್ಲಿ ಯಾರಾದರೂ ಇದನ್ನು ಕೇಳುವವರು ಇದ್ದರೆ ದಯವಿಟ್ಟು ಬರೆಯಿರಿ. ಕನ್ನಡದಲ್ಲಿ ಇದರ ಬಗ್ಗೆ ಮಾತಾಡಬೇಕು ಅಂತ ಬಹಳ ವರ್ಷದ ಆಸೆ.

ಹೊಸಕೇಳುಗ

ಸರ್, ಮೈಸೂರಿನಿಂದ ಬರೆಯುತ್ತಿದ್ದೇನೆ. ಈ ಹೆಸರು ಕೇಳಿದ್ದೇ ಇವತ್ತು. ನೀವು ಹೇಳಿದ ಗ್ಲೋರಿಯಾ ಜೋನ್ಸ್ ಹಾಡು ಹುಡುಕಿ ಕೇಳಿದೆ, ಸಾಫ್ಟ್ ಸೆಲ್‌ಗಿಂತ ಎಷ್ಟೋ ಚುರುಕಾಗಿದೆ! ಒಂದು ಪ್ರಶ್ನೆ. ಇದು ಮೋಟೌನ್ ತರಾನೇ ಇದೆ ಅಲ್ವಾ? ವ್ಯತ್ಯಾಸ ಏನು?

ಬೋಲ್ಟನ್‌ವಾಸಿ

ಒಳ್ಳೆಯ ಪ್ರಶ್ನೆ. ಡೆಟ್ರಾಯ್ಟಿನ ತಟ್ಟೆ ಕಂಪನಿ ಮೋಟೌನ್ ಇದರ ತಾಯಿಬೇರು. ಫೋರ್ ಟಾಪ್ಸ್ ತಂಡದ 1965ರ 'ಐ ಕಾಂಟ್ ಹೆಲ್ಪ್ ಮೈಸೆಲ್ಫ್' ಕೇಳಿ. ಒಂದೊಂದು ಮಾತ್ರೆಗೂ ಬೀಳುವ ಪೆಟ್ಟು, ಹಿಂದೆ ಟ್ಯಾಂಬರೀನ್, ಪಿಯಾನೊ, ಬೇಸ್ ಗಿಟಾರ್ ಓಟ, ಅದರ ಮೇಲೆ ಎದೆ ಬಿರಿಯುವ ಹಾಗೆ ಕೂಗುವ ದನಿ. ಟ್ಯಾಂಬರೀನ್ ಅಂದರೆ ಕೈಯಲ್ಲಿ ಅಲ್ಲಾಡಿಸುವ ಗೆಜ್ಜೆ ಬಳೆ. ಇದೇ ಅಚ್ಚು. ಆದರೆ ಮೋಟೌನ್ ಹಿಟ್‌ಗಳು ಎಲ್ಲರಿಗೂ ಸಿಗುತ್ತಿದ್ದವು. ನಮ್ಮ ಜನಕ್ಕೆ ಬೇಕಾಗಿದ್ದು ಅದೇ ಅಚ್ಚಿನ, ಯಾರೂ ಕೇಳದ ಹಾಡುಗಳು. ಮೋಟೌನಿನ ಆ ಯಶಸ್ಸು ನೋಡಿ ಅಮೆರಿಕದ ನೂರಾರು ಸಣ್ಣ ಕಂಪನಿಗಳು ಅದೇ ದಾರಿ ಹಿಡಿದಿದ್ದವು. ಹಾಗಾಗಿ ಅಗೆದಷ್ಟೂ ಸಿಗುತ್ತಿತ್ತು.

ಇನ್ನೊಂದು ಮಾತು. ಸಾಹಿತ್ಯ ಬಹುಪಾಲು ದುಃಖದ್ದೇ. ಬಿಟ್ಟು ಹೋದಳು, ಮೋಸ ಮಾಡಿದ, ಬಾಗಿಲಲ್ಲಿ ಕಾದೆ, ಹೀಗೆ. ಲಯ ಮಾತ್ರ ಕಾಲನ್ನು ಸುಮ್ನೆ ಇರಲು ಬಿಡುವುದಿಲ್ಲ. ಅಳುವ ಹಾಡಿಗೆ ಕುಣಿಯುವುದು ಹೇಗೆ ಅಂತ ಕೇಳಬೇಡಿ, ಒಂದು ಸಲ ಕುಣಿದು ನೋಡಿ.

ಮಿಚಿಗನ್_ಮಂಜು

ಅಬ್ಬಾ, ಇಲ್ಲಿ ಈ ವಿಷಯ ನೋಡಿ ಖುಷಿ ಆಯಿತು. ನಾನು ಡೆಟ್ರಾಯ್ಟ್ ಹತ್ತಿರ ಕಾರು ಕಂಪನಿಯಲ್ಲಿ ಇಂಜಿನಿಯರ್. ಇಲ್ಲಿಗೆ ಬಂದ ಹೊಸತರಲ್ಲಿ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನ ಹಿಟ್ಸ್‌ವಿಲ್ ನೋಡಲು ಹೋದೆ. ಮೋಟೌನ್ ಶುರುವಾದ ಮನೆ ಅದು, ಈಗ ಮ್ಯೂಸಿಯಂ. ಸ್ಟುಡಿಯೊ ಇಷ್ಟೇ ಇಷ್ಟು. ನಮ್ಮ ಕಡೆಯ ಒಂದು ಸಾಧಾರಣ ಪಡಸಾಲೆಯಷ್ಟು. ಅಲ್ಲಿ ವಾರಗಟ್ಟಲೆ ಕೂತು ನುಡಿಸಿದ ಕಲಾವಿದರಿಗೆ ಫಂಕ್ ಬ್ರದರ್ಸ್ ಅಂತ ಹೆಸರು. ಬೇಸ್ ನುಡಿಸುತ್ತಿದ್ದವರು ಜೇಮ್ಸ್ ಜೇಮರ್ಸನ್. ಹಾಡುಗಾರರ ಹೆಸರು ಲೋಕಕ್ಕೆಲ್ಲ ಗೊತ್ತು, ಇವರ ಹೆಸರು ಬಹಳ ವರ್ಷ ತಟ್ಟೆಯ ಮೇಲೂ ಇರುತ್ತಿರಲಿಲ್ಲ.

ನಿಮ್ಮ ನಾರ್ದರ್ನ್ ಸೋಲ್‌ಗೆ ಇವರ ನಂಟು ಜಾಸ್ತಿ ಇದೆ. ಮೋಟೌನ್ ಕೊಡುತ್ತಿದ್ದ ಸಂಬಳ ಸಾಲದೆ ಇವರು ಕದ್ದುಮುಚ್ಚಿ ಬೇರೆ ಸ್ಟುಡಿಯೊಗಳಿಗೆ ಹೋಗಿ ನುಡಿಸುತ್ತಿದ್ದರು. ಇದೇ ಊರಿನಲ್ಲಿ ಎಡ್ ವಿಂಗೇಟ್ ಅನ್ನುವವರ ಗೋಲ್ಡನ್ ವರ್ಲ್ಡ್ ಮತ್ತು ರಿಕ್-ಟಿಕ್ ಕಂಪನಿಗಳಿದ್ದವು. ಎಡ್ವಿನ್ ಸ್ಟಾರ್ ಮೊದಲು ಹೆಸರು ಮಾಡಿದ್ದು ರಿಕ್-ಟಿಕ್‌ನಲ್ಲೇ, 1965ರಲ್ಲಿ. ಶಿಕಾಗೊವರೆಗೂ ಹೋಗಿ ಜ್ಯಾಕಿ ವಿಲ್ಸನ್ ಅವರ 1967ರ 'ಹೈಯರ್ ಅಂಡ್ ಹೈಯರ್' ಹಾಡಿಗೆ ನುಡಿಸಿದವರೂ ಇವರೇ. ಕೊನೆಗೆ ಮೋಟೌನ್ ಮಾಲೀಕ ಬೆರಿ ಗಾರ್ಡಿ ಗೋಲ್ಡನ್ ವರ್ಲ್ಡ್ ಸ್ಟುಡಿಯೊವನ್ನೇ ಕೊಂಡುಬಿಟ್ಟರು. ಅದು ಮೋಟೌನಿನ ಎರಡನೇ ಸ್ಟುಡಿಯೊ ಆಯಿತು.

ಹಾಡುಗಳು ಯಾಕೆ ಸೋತವು ಅಂತ ನಾನೂ ಯೋಚಿಸಿದ್ದೇನೆ. ಹಾಡಿನ ಗುಣ ಕಾರಣ ಅಲ್ಲ. ಸಣ್ಣ ಕಂಪನಿಗೆ ತಟ್ಟೆ ಅಚ್ಚು ಹಾಕಿಸಲು ದುಡ್ಡಿರುತ್ತಿತ್ತು. ಬೇರೆ ಊರಿನ ಅಂಗಡಿಗೆ ಮುಟ್ಟಿಸಲು ಇರುತ್ತಿರಲಿಲ್ಲ. ರೇಡಿಯೊದವರನ್ನು ಒಲಿಸಿಕೊಳ್ಳಲು ಅಂತೂ ಇಲ್ಲವೇ ಇಲ್ಲ. ಒಂದು ಊರಿನಲ್ಲಿ ಒಂದಿಷ್ಟು ಮಾರಾಟ ಆಗಿ ಅಲ್ಲೇ ನಿಂತು ಹೋಗುತ್ತಿತ್ತು.

ತಟ್ಟೆಸಂಗ್ರಹ

ಬೆಂಗಳೂರಿನಿಂದ. ನಾನು ಗ್ರಾಮಫೋನ್ ಕಾಲದಿಂದ ಹಿಡಿದು ಎಲ್ಲ ತರದ ತಟ್ಟೆ ಕೂಡಿಸುವವನು. ನಾರ್ದರ್ನ್ ಸೋಲ್ ತಟ್ಟೆಗಳ ಬೆಲೆ ಮಾತ್ರ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಫ್ರ್ಯಾಂಕ್ ವಿಲ್ಸನ್ ಕಥೆಯನ್ನು ಬೋಲ್ಟನ್‌ವಾಸಿಯವರೇ ಹೇಳಲಿ ಅಂತ ಕಾದೆ. ಹೇಳದಿದ್ದರೆ ನಾನೇ ಹೇಳಿಬಿಡುತ್ತೇನೆ.

1965. ಮೋಟೌನಿನ ಸೋಲ್ ಎಂಬ ಉಪ ಲೇಬಲ್, ಅಂದರೆ ತಟ್ಟೆ ಹೊರಡಿಸುವ ಇನ್ನೊಂದು ಹೆಸರು. ಫ್ರ್ಯಾಂಕ್ ವಿಲ್ಸನ್ ಅಲ್ಲಿ ಹಾಡು ಬರೆಯುವ, ಹಾಡಿಸುವ ಕೆಲಸದಲ್ಲಿದ್ದವರು. ತಾವೇ ಒಂದು ಹಾಡು ಹಾಡಿದರು, 'ಡೂ ಐ ಲವ್ ಯೂ (ಇಂಡೀಡ್ ಐ ಡೂ)'. ಪ್ರಚಾರಕ್ಕೆ ಅಂತ ಸುಮಾರು 250 ತಟ್ಟೆ ಅಚ್ಚಾದವು. ಆಮೇಲೆ ಬಿಡುಗಡೆಯೇ ಬೇಡ ಅಂತಾಯಿತು. ವಿಲ್ಸನ್ ನಿರ್ಮಾಪಕರಾಗಿಯೇ ಉಳಿದರು. ತಟ್ಟೆಗಳನ್ನೆಲ್ಲ ನಾಶ ಮಾಡಲಾಯಿತು. ಉಳಿದಿದ್ದು ಬೆರಳೆಣಿಕೆಯಷ್ಟು. ಅದರಲ್ಲಿ ಒಂದು 2009ರಲ್ಲಿ 25,742 ಪೌಂಡ್‌ಗೆ ಮಾರಾಟವಾಯಿತು. 2020ರಲ್ಲಿ 1,00,000 ಪೌಂಡ್. ಒಂದು ಏಳಿಂಚಿನ ತಟ್ಟೆಗೆ!

ಡ್ಯಾರೆಲ್ ಬ್ಯಾಂಕ್ಸ್ ಹಾಡಿನ ಬ್ರಿಟಿಷ್ ಅಚ್ಚಿನ ಒಂದು ತಟ್ಟೆ 2014ರಲ್ಲಿ 14,543 ಪೌಂಡ್‌ಗೆ ಹೋಯಿತು. ಅದೇ ಹಾಡಿನ ಅಮೆರಿಕದ ತಟ್ಟೆ ಅಷ್ಟೇನೂ ದುಬಾರಿಯಲ್ಲ. ವ್ಯತ್ಯಾಸ ಬರೀ ಲೇಬಲ್‌ನದು.

ಮೂಲ ತಟ್ಟೆಯೇ ಬೇಕು ಅನ್ನುವವರ ಪಕ್ಷ ನಾನು. ಮರುಮುದ್ರಣ ಬೇರೆ, ಅದು ಬೇರೆ. 60ರ ದಶಕದ ಮಾನೊ (ಸ್ಟೀರಿಯೊ ಅಲ್ಲದ) ಅಚ್ಚಿನ ಆ ಜೋರು, ಆ ದಪ್ಪ ದನಿ ಈಗಿನ ಪ್ರತಿಯಲ್ಲಿ ಬರುವುದಿಲ್ಲ. ಅದೂ ಅಲ್ಲದೆ, ಹುಡುಕಿದ ಶ್ರಮಕ್ಕೆ ಬೆಲೆ ಬೇಡವೇ? ಈಗಲೂ ಒಳ್ಳೆಯ ಡಿಜೆಗಳು ಮೂಲ ತಟ್ಟೆ ಬಿಟ್ಟು ಬೇರೆ ಹಾಕುವುದಿಲ್ಲ.

ಹೊಸಕೇಳುಗ

ಒಂದು ಲಕ್ಷ ಪೌಂಡ್! ಅಷ್ಟು ಅಪರೂಪದ್ದು ಎಲ್ಲರಿಗೂ ಗೊತ್ತಾಗಿದ್ದು ಹೇಗೆ?

ಬೋಲ್ಟನ್‌ವಾಸಿ

ವಿಗನ್‌ನಲ್ಲಿ. ಡಿಜೆ ರಸ್ ವಿನ್‌ಸ್ಟ್ಯಾನ್ಲಿ 70ರ ದಶಕದ ಕೊನೆಯಲ್ಲಿ ಹಾಕಲು ಶುರು ಮಾಡಿದರು. ಆದರೆ ಎಡ್ಡಿ ಫಾಸ್ಟರ್ ಎಂಬ ಹೆಸರಿನಲ್ಲಿ. ಇದು ನಮ್ಮಲ್ಲಿ ನಡೆಯುತ್ತಿದ್ದ ರೂಢಿ. ಅಪರೂಪದ ಹಾಡು ಸಿಕ್ಕರೆ ಡಿಜೆಗಳು ತಟ್ಟೆಯ ಲೇಬಲ್ ಮೇಲೆ ಕಾಗದ ಅಂಟಿಸಿ ಸುಳ್ಳು ಹೆಸರು ಬರೆಯುತ್ತಿದ್ದರು. ಬೇರೆ ಡಿಜೆ ಹುಡುಕಿ ತರಬಾರದು, ನಕಲಿ ತಟ್ಟೆ ಮಾಡುವವರಿಗೆ ಸುಳಿವು ಸಿಗಬಾರದು ಅಂತ. ಆ ಹಾಡು ಬೇಕಿದ್ದರೆ ಆ ಡಿಜೆ ಇರುವ ಹಾಲ್‌ಗೇ ಹೋಗಬೇಕು. ಹಾಗಾಗಿ ಜನ ಒಂದು ಹಾಡಿಗಾಗಿ ಸ್ಕಾಟ್ಲೆಂಡಿನಿಂದ, ವೇಲ್ಸ್‌ನಿಂದ ಬಸ್ಸು ಹತ್ತಿ ಬರುತ್ತಿದ್ದರು.

ಫ್ರ್ಯಾಂಕ್ ವಿಲ್ಸನ್ ಆಮೇಲೆ ಎಡ್ಡಿ ಕೆಂಡ್ರಿಕ್ಸ್, ಸುಪ್ರೀಮ್ಸ್ ಮುಂತಾದವರಿಗೆ ದೊಡ್ಡ ಹಾಡುಗಳನ್ನು ಮಾಡಿಕೊಟ್ಟರು. ಮುಂದೆ ಕ್ರೈಸ್ತ ಬೋಧಕರಾದರು. 2012ರಲ್ಲಿ ತೀರಿಕೊಂಡರು. ಅವರು ಬದುಕಿರುವಾಗಲೇ ತಮ್ಮ ಆ ಒಂದು ಹಾಡು ಸಾಗರದ ಈಚೆ ಏನಾಯಿತು ಅಂತ ಅವರಿಗೆ ತಿಳಿಯಿತಲ್ಲ, ನನಗೆ ಅದು ಬಹಳ ಮುಖ್ಯ.

ತಟ್ಟೆಸಂಗ್ರಹ ಅವರೇ, ನಿಮ್ಮ ಮಾತಿಗೆ ಗೌರವ ಇದೆ. ಹುಡುಕುವವರು ಇಲ್ಲದಿದ್ದರೆ ಈ ಸಂಗೀತವೇ ಇರುತ್ತಿರಲಿಲ್ಲ. ಆದರೆ ಮೂಲ ತಟ್ಟೆ ಇಲ್ಲದೆ ಹಾಡಿಗೆ ಬೆಲೆ ಇಲ್ಲ ಅನ್ನುವುದಾದರೆ ನಾನು ಒಪ್ಪುವುದಿಲ್ಲ. ವಿಗನ್‌ನಲ್ಲಿ ಕುಣಿದವರಲ್ಲಿ ಎಷ್ಟು ಜನರ ಮನೆಯಲ್ಲಿ ಮೂಲ ತಟ್ಟೆ ಇತ್ತು? ಗಿರಣಿ ಹುಡುಗ ವಾರದ ಸಂಬಳದಲ್ಲಿ ಬಸ್ ಚಾರ್ಜು, ಟಿಕೆಟ್ಟು ಕಳೆದು ಉಳಿದಿದ್ದರಲ್ಲಿ ಮರುಮುದ್ರಣ ಕೊಂಡ, ಇಲ್ಲವೇ ಕ್ಯಾಸೆಟ್‌ನಲ್ಲಿ ತುಂಬಿಸಿಕೊಂಡ. ಅವನ ಪ್ರೀತಿ ಕಡಿಮೆಯೇ? ಆಗಿನ ಡಿಜೆಗಳೂ ಎಮಿಡಿಸ್ಕ್ ಅಂತ, ಸ್ಟುಡಿಯೊದಲ್ಲಿ ಕೊರೆಸಿದ ಒಂದೊಂದೇ ಪ್ರತಿ ಇಟ್ಟುಕೊಂಡಿರುತ್ತಿದ್ದರು. ಹಾಕಿದಷ್ಟೂ ಸವೆಯುತ್ತಿತ್ತು. ಅದೇ ಸವೆದ ತಟ್ಟೆಗೆ ನೂರಾರು ಜನ ಕುಣಿದಿದ್ದಾರೆ. ನೆಲ ಒಪ್ಪಿಕೊಂಡರೆ ಸಾಕು.

ಶೆಫೀಲ್ಡ್_ಸುಮ

ಬೋಲ್ಟನ್‌ವಾಸಿ ಸರ್, ನಾನು ಶೆಫೀಲ್ಡ್‌ನಲ್ಲಿ ನರ್ಸ್. ಊರು ಶಿರಸಿ. ನನಗೆ ಈ ಹುಚ್ಚು ಹಿಡಿಸಿದ್ದು ನನ್ನ ವಾರ್ಡಿನ ಹಿರಿಯ ಸಹೋದ್ಯೋಗಿ. ಶಿಫ್ಟ್ ಮುಗಿಸಿ ಒಂದು ಶನಿವಾರ ನನ್ನನ್ನು ಕರೆದುಕೊಂಡು ಹೋದರು. ಅಲ್ಲಿದ್ದ ಬಹುಪಾಲು ಜನ ನನ್ನ ಅಮ್ಮನ ವಯಸ್ಸಿನವರು. ಆದರೆ ಕುಣಿತ!

ನನಗೆ ಹಿಡಿಸಿದ್ದು ಏನು ಗೊತ್ತಾ? ಅಲ್ಲಿ ಪ್ರತಿಯೊಬ್ಬರೂ ಒಬ್ಬೊಬ್ಬರೇ ಕುಣಿಯುತ್ತಾರೆ. ಜೋಡಿ ಬೇಕಿಲ್ಲ. ಯಾರೂ ಮೈಮೇಲೆ ಬೀಳುವುದಿಲ್ಲ, ಯಾರೂ ಬಂದು ಹೆಸರೇನು ಅಂತ ಪೀಡಿಸುವುದಿಲ್ಲ. ಬೇರೆ ಕ್ಲಬ್ಬುಗಳಲ್ಲಿ ನನಗೆ ಯಾವಾಗಲೂ ಒಂದು ಎಚ್ಚರ ಇಟ್ಟುಕೊಂಡೇ ಇರಬೇಕಾಗುತ್ತಿತ್ತು. ಇಲ್ಲಿ ಕಣ್ಣು ಮುಚ್ಚಿ ಕುಣಿಯಬಹುದು. ಎಡಕ್ಕೆ ಒಂದಿಷ್ಟು ಜಾರು, ಬಲಕ್ಕೆ ಒಂದಿಷ್ಟು ಜಾರು, ತಾಳ ಸಿಕ್ಕರೆ ತಿರುಗು. ಅಷ್ಟು ಕಲಿಯಲು ಸಾಕು.

ಆದರೆ ಒಂದು ಕಹಿ ಪ್ರಶ್ನೆ ಕೇಳಲೇಬೇಕು. ಹಾಡಿದವರು ಅಮೆರಿಕದ ಕಪ್ಪು ಜನ. ಕುಣಿದವರು ಹೆಚ್ಚುಪಾಲು ಇಂಗ್ಲೆಂಡಿನ ಬಿಳಿಯರು. ತಟ್ಟೆ ಲಕ್ಷಕ್ಕೆ ಮಾರಿದರೆ ಆ ದುಡ್ಡು ಮಾರಿದವರಿಗೆ. ಹಾಡಿದವರಿಗೆ ಏನು ಸಿಕ್ಕಿತು?

ಮಿಚಿಗನ್_ಮಂಜು

ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಇಲ್ಲಿನ ಹಳಬರ ಜೊತೆ ಮಾತಾಡಿದರೆ ಇದೇ ನೋವು ಬರುತ್ತದೆ. ಒಪ್ಪಂದದ ಕಾಗದ ಓದದೆ ಸಹಿ ಹಾಕಿದವರು, ಒಂದು ಸಲದ ಕೂಲಿ ತೆಗೆದುಕೊಂಡು ಹೋದವರು ಬಹಳ. ಹಳೆ ತಟ್ಟೆ ಮಾರಾಟದಲ್ಲಿ ಗಾಯಕರಿಗೆ ಪಾಲು ಬರುವುದಿಲ್ಲ. ನಕಲಿ ತಟ್ಟೆಯಲ್ಲಿ ಅಂತೂ ಇಲ್ಲವೇ ಇಲ್ಲ.

ಬೋಲ್ಟನ್‌ವಾಸಿ

ಸುಮ ಅವರೇ, ಇದನ್ನು ಮುಚ್ಚಿಡುವುದು ಸರಿಯಲ್ಲ. 70ರ ದಶಕದಲ್ಲಿ ನಕಲಿ ತಟ್ಟೆಗಳ ಹಾವಳಿ ಬಹಳ ಇತ್ತು. ಅದರಿಂದ ಹಾಡಿದವರಿಗೆ ಬಿಡಿಗಾಸೂ ಹೋಗಲಿಲ್ಲ. ಅದು ಅನ್ಯಾಯವೇ.

ಆದರೆ ಇನ್ನೊಂದು ಮುಖವೂ ಇದೆ. ಮೇಜರ್ ಲ್ಯಾನ್ಸ್ ಅವರನ್ನು ತೆಗೆದುಕೊಳ್ಳಿ. 60ರ ದಶಕದಲ್ಲಿ ಶಿಕಾಗೊದಲ್ಲಿ ಕರ್ಟಿಸ್ ಮೇಫೀಲ್ಡ್ ಬರೆದ ಹಾಡುಗಳಿಂದ ಮಿಂಚಿದವರು. ಅಮೆರಿಕದಲ್ಲಿ ಅವರ ಕಾಲ ಮುಗಿದಿತ್ತು. ಸ್ಟೋಕ್ ಹತ್ತಿರ ಟನ್‌ಸ್ಟಾಲ್ ಎಂಬ ಊರಿನ ಗೋಲ್ಡನ್ ಟಾರ್ಚ್ ಕ್ಲಬ್ಬಿಗೆ ಬಂದರು. ಹಾಲ್ ಉಸಿರು ಬಿಡಲೂ ಜಾಗವಿಲ್ಲದಷ್ಟು ತುಂಬಿತ್ತು. ಆ ಕಾರ್ಯಕ್ರಮದ ಧ್ವನಿಮುದ್ರಣ 1973ರಲ್ಲಿ ಎಲ್‌ಪಿಯಾಗಿ ಬಂತು. ಸಿಕ್ಕರೆ ಕೇಳಿ. ಹಾಡಿಗಿಂತ ಜನರ ಕೂಗು ಕೇಳಿ. ಎಡ್ವಿನ್ ಸ್ಟಾರ್ ಅಂತೂ ಇಂಗ್ಲೆಂಡಿಗೇ ಬಂದು ನೆಲೆಸಿದರು. 2003ರಲ್ಲಿ ನಾಟಿಂಗ್‌ಹ್ಯಾಮ್ ಹತ್ತಿರ ತಮ್ಮ ಮನೆಯಲ್ಲೇ ತೀರಿಕೊಂಡರು. ಟಾಮಿ ಹಂಟ್ ವಿಗನ್‌ನಲ್ಲಿ ಹಾಡಿದರು.

80ರ ದಶಕದಲ್ಲಿ ಏಸ್ ಸಂಸ್ಥೆಯ ಕೆಂಟ್ ಲೇಬಲ್ ಬಂತು. ಏಡಿ ಕ್ರೋಸ್‌ಡೆಲ್ ಮತ್ತವರ ಜೊತೆಯವರು ಹಳೆ ಕಂಪನಿಗಳ ಟೇಪುಗಳನ್ನು ಹುಡುಕಿ, ಹಕ್ಕು ಪಡೆದು, ಕಾಯಿದೆ ಪ್ರಕಾರ ಬಿಡುಗಡೆ ಮಾಡಿದರು. ಎಂದೂ ಬಿಡುಗಡೆಯೇ ಆಗದ ಹಾಡುಗಳು ಟೇಪಿನಿಂದ ಎದ್ದು ಬಂದವು. ಹಾಗಾಗಿ ನಾನು ಮೂಲ ತಟ್ಟೆಯ ವಾದ ಒಪ್ಪುವುದಿಲ್ಲ ಅಂದಿದ್ದು. ಹಕ್ಕು ಪಡೆದ ಮರುಮುದ್ರಣ ಕೊಂಡರೆ ಹಾಡಿದವರ ಕಡೆಗೂ ಏನಾದರೂ ಹೋಗುವ ದಾರಿ ಇದೆ. ಲಕ್ಷ ಕೊಟ್ಟು ಹಳೆ ತಟ್ಟೆ ಕೊಂಡರೆ ಆ ದಾರಿಯೇ ಇಲ್ಲ.

ತಟ್ಟೆಸಂಗ್ರಹ

ಈ ಮಾತು ಒಪ್ಪುತ್ತೇನೆ. ಎರಡೂ ಕೊಳ್ಳುತ್ತೇನೆ ನಾನು. ಆದರೆ ಹೊಸಬರಿಗೆ ಒಂದು ಎಚ್ಚರಿಕೆ. ನನಗೆ ವಿದೇಶದ ಒಬ್ಬ ವ್ಯಾಪಾರಿ ಮೂಲ ತಟ್ಟೆ ಅಂತ ಹೇಳಿ ನಕಲಿ ಕಳಿಸಿದ್ದ. ತಟ್ಟೆಯ ನಡುವಿನ ಖಾಲಿ ಪಟ್ಟಿಯಲ್ಲಿ ಕೊರೆದ ಅಥವಾ ಒತ್ತಿದ ಗುರುತು ಇರುತ್ತದೆ. ಮೂಲದ ಗುರುತು ಏನು ಅಂತ ಮೊದಲೇ ತಿಳಿದುಕೊಂಡು, ಅದರ ಫೋಟೊ ತರಿಸಿಕೊಂಡು ನೋಡಿ, ಆಮೇಲೆ ದುಡ್ಡು ಕೊಡಿ.

ಹೊಸಕೇಳುಗ

ನನಗೆ ವಿಗನ್ ಕ್ಯಾಸಿನೊ ಒಳಗೆ ಹೇಗಿತ್ತು ಅಂತ ಹೇಳಿ ಸರ್. ಕ್ಯಾಸಿನೊ ಅಂದರೆ ಜೂಜಿನ ಜಾಗ ಅಂದುಕೊಂಡಿದ್ದೆ.

ಬೋಲ್ಟನ್‌ವಾಸಿ

ಜೂಜಿಗೂ ಅದಕ್ಕೂ ಸಂಬಂಧ ಇಲ್ಲ. ಅದು ಎಂಪ್ರೆಸ್ ಬಾಲ್‌ರೂಮ್ ಅನ್ನುವ ಹಳೆಯ ನೃತ್ಯ ಸಭಾಂಗಣ. ನಾರ್ದರ್ನ್ ಸೋಲ್ ರಾತ್ರಿಗಳು ಅಲ್ಲಿ ಶುರುವಾಗಿದ್ದು 1973ರ ಸೆಪ್ಟೆಂಬರ್ 23ರಂದು. ಬಾಗಿಲು ತೆರೆಯುತ್ತಿದ್ದದ್ದು ಬೆಳಗಿನ ಜಾವ ಎರಡಕ್ಕೆ. ಮುಗಿಯುತ್ತಿದ್ದದ್ದು ಎಂಟಕ್ಕೆ. ಮದ್ಯ ಇಲ್ಲ.

ಒಳಗೆ ಹೋದ ಕೂಡಲೇ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಗೋಡೆ ಬೆವರುತ್ತಿತ್ತು. ಮೇಲೆ ಬಾಲ್ಕನಿ. ಅಲ್ಲಿಂದ ಕೆಳಗೆ ನೋಡಿದರೆ ನೂರಾರು ತಲೆಗಳು ಒಂದೇ ತಾಳಕ್ಕೆ ಹಿಂದೆ ಮುಂದೆ ಸರಿಯುತ್ತಿದ್ದವು. ನೆಲದ ಮೇಲೆ ಟಾಲ್ಕಮ್ ಪೌಡರ್ ಉದುರಿಸಿರುತ್ತಿದ್ದರು. ಚರ್ಮದ ಅಡಿಯ ಶೂ ಅದರ ಮೇಲೆ ಎಣ್ಣೆ ಹಾಕಿದ ಹಾಗೆ ಜಾರುತ್ತಿತ್ತು. ಅಗಲ ಪ್ಯಾಂಟು, ಬನಿಯನ್ನು, ಬೆನ್ನಿಗೆ ಒಂದು ಟವೆಲ್ಲು. ಹಾಡಿನ ನಡುವೆ ವಾದ್ಯ ನಿಂತು ಡ್ರಮ್ ಒಂದೇ ಉಳಿಯುವ ಜಾಗ ಬರುತ್ತದಲ್ಲ, ಅಲ್ಲಿ ಯಾರೂ ಹೇಳದೆ ಇಡೀ ಹಾಲ್ ಒಂದೇ ಚಪ್ಪಾಳೆ. ಟಪ್. ಒಂದು ಕೂದಲೆಳೆ ಹೆಚ್ಚು ಕಡಿಮೆ ಇಲ್ಲ. ಆಮೇಲೆ ಹುಡುಗರು ತಿರುಗುತ್ತಿದ್ದರು, ಹಿಂದಕ್ಕೆ ಬಾಗಿ ಕೈ ಊರಿ ನೆಲ ಮುಟ್ಟಿ ಮತ್ತೆ ಎದ್ದು ನಿಲ್ಲುತ್ತಿದ್ದರು, ಕಾಲು ಝಾಡಿಸುತ್ತಿದ್ದರು. ಬ್ರೇಕ್ ಡ್ಯಾನ್ಸ್ ಹೆಸರು ನಮ್ಮ ಊರಿಗೆ ಬರುವ ಎಷ್ಟೋ ಮೊದಲು.

ಎಲ್ಲರ ಕೈಯಲ್ಲೂ ಒಂದು ಚೀಲ. ಅದರಲ್ಲಿ ಬದಲಿ ಬಟ್ಟೆ, ಪೌಡರ್ ಡಬ್ಬ, ಮಾರಲು ಒಂದೆರಡು ತಟ್ಟೆ. ಚೀಲದ ಮೇಲೆ ಬಟ್ಟೆಯ ಬಿಲ್ಲೆಗಳು. ಬಿಗಿದ ಮುಷ್ಟಿ, ಸುತ್ತ 'ಕೀಪ್ ದ ಫೇತ್'. ಆ ಮುಷ್ಟಿ ಬಂದಿದ್ದು ಅಮೆರಿಕದ ಕಪ್ಪು ಜನರ ಹೋರಾಟದಿಂದ. ನನ್ನ ಚೀಲಕ್ಕೆ ಆ ಬಿಲ್ಲೆ ಹೊಲಿದುಕೊಟ್ಟವಳು ಅಮ್ಮ. ಅಪ್ಪನ ಕೋಟಿನ ಗುಂಡಿ ಹೊಲಿಯುವ ಕಪ್ಪು ದಾರದಲ್ಲೇ, ಅಂಚು ಮಡಿಸಿ, ಎರಡು ಸುತ್ತು ಹೊಲಿಗೆ ಹಾಕಿದಳು. ಚೀಲದ ಪಟ್ಟಿ ಹರಿದರೂ ಆ ಹೊಲಿಗೆ ಬಿಚ್ಚಲಿಲ್ಲ.

ಬೆಳಗ್ಗೆ ಎಂಟಕ್ಕೆ ಮುಂಚೆ ಯಾವಾಗಲೂ ಮೂರು ಹಾಡು. ಟೋಬಿ ಲೆಜೆಂಡ್ ಅವರ 'ಟೈಮ್ ವಿಲ್ ಪಾಸ್ ಯೂ ಬೈ', ಜಿಮ್ಮಿ ರ್‍ಯಾಡ್‌ಕ್ಲಿಫ್ ಅವರ 'ಲಾಂಗ್ ಆಫ್ಟರ್ ಟುನೈಟ್ ಈಸ್ ಆಲ್ ಓವರ್', ಡೀನ್ ಪ್ಯಾರಿಶ್ ಅವರ 'ಐಮ್ ಆನ್ ಮೈ ವೇ'. ಆ ಮೂರು ಬಂದರೆ ರಾತ್ರಿ ಮುಗಿಯಿತು ಅಂತ ಎಲ್ಲರಿಗೂ ಗೊತ್ತು. ಆದರೂ ಯಾರೂ ನೆಲ ಬಿಟ್ಟು ಹೋಗುತ್ತಿರಲಿಲ್ಲ.

ಶೆಫೀಲ್ಡ್_ಸುಮ

ನಮ್ಮ ಕಡೆ ಈಗಲೂ ಆ ಮೂರು ಹಾಡಿನಲ್ಲೇ ಮುಗಿಸುತ್ತಾರೆ. ಮೊದಲನೆಯದು ಶುರುವಾದರೆ ಅಳುವವರೂ ಇದ್ದಾರೆ.

ಒಂದು ಸಣ್ಣ ತಕರಾರು. ಎಲ್ಲರೂ ಬರೀ ವಿಗನ್ ವಿಗನ್ ಅಂತಾರೆ. ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್ ಕ್ಲಬ್ ಇಲ್ಲದೆ ವಿಗನ್ ಎಲ್ಲಿಂದ? ಬ್ಲ್ಯಾಕ್‌ಪೂಲ್ ಊರಿನ ಮೆಕ್ಕಾ ಕ್ಲಬ್? ನನ್ನ ಸಹೋದ್ಯೋಗಿ ಮೆಕ್ಕಾದವರು. ವಿಗನ್ ಅಂದರೆ ಮುಖ ಸಿಂಡರಿಸುತ್ತಾರೆ.

ಬೋಲ್ಟನ್‌ವಾಸಿ

ನಿಜ, ಟ್ವಿಸ್ಟೆಡ್ ವೀಲ್ ಮೊದಲು. 1963ರಲ್ಲಿ ತೆರೆದು, 1965ರಲ್ಲಿ ವಿಟ್‌ವರ್ತ್ ಸ್ಟ್ರೀಟ್‌ಗೆ ಹೋಗಿ, 1971ರ ಆರಂಭದಲ್ಲಿ ಮುಚ್ಚಿತು. ಆಮೇಲೆ ಟಾರ್ಚ್. ವುಲ್ವರ್‌ಹ್ಯಾಂಪ್ಟನ್‌ನ ಕ್ಯಾಟಕೂಂಬ್ಸ್ ಕೂಡ ಮರೆಯಬಾರದು.

ಮೆಕ್ಕಾ ವಿಷಯ ಅಂದರೆ ಹಳೆ ಜಗಳ. ಅಲ್ಲಿ ಹೈಲ್ಯಾಂಡ್ ರೂಮ್‌ನಲ್ಲಿ ಇಯಾನ್ ಲೆವೀನ್, ಕಾಲಿನ್ ಕರ್ಟಿಸ್ ಹಾಡು ಹಾಕುತ್ತಿದ್ದರು. ಲೆವೀನ್ ಅಮೆರಿಕಕ್ಕೆ ಹೋಗಿ ಸಾವಿರಾರು ತಟ್ಟೆ ತಂದವರು. ಆದರೆ 70ರ ದಶಕದ ನಡುವೆ ಅವರು ಹೊಸ ಹಾಡುಗಳ ಕಡೆ ತಿರುಗಿದರು. ಕಾರ್‌ಸ್ಟೇರ್ಸ್ ತಂಡದ 1973ರ ಹಾಡಿನಿಂದ ಆ ತಿರುವು ಶುರು ಅಂತ ಹೇಳುತ್ತಾರೆ. ಲಯ ಬೇರೆ, ವಾದ್ಯ ಬೇರೆ. ವಿಗನ್ ಜನಕ್ಕೆ ಸಿಟ್ಟು ಬಂತು. ಲೆವೀನ್ ಹೋಗಬೇಕು ಅಂತ ಬ್ಯಾನರ್ ಹಿಡಿದು ನಿಂತರು. ಸಂಗೀತಕ್ಕೆ ಬ್ಯಾನರ್ ಹಿಡಿದು ಜಗಳ ಆಡಿದ ಜನ ನಾವು! ಲೆವೀನ್ ಮುಂದೆ 80ರ ದಶಕದಲ್ಲಿ ಕ್ಲಬ್ ಸಂಗೀತಕ್ಕೇ ಹೊಸ ದಾರಿ ಹಾಕಿದರು, ಎವೆಲಿನ್ ಥಾಮಸ್ ಅವರ 'ಹೈ ಎನರ್ಜಿ' ಅವರದೇ ಕೆಲಸ.

ನನ್ನ ಮನಸ್ಸು ವಿಗನ್ ಕಡೆಗೇ. ಆದರೆ ಮೆಕ್ಕಾ ಇಲ್ಲದಿದ್ದರೆ ನಮ್ಮದು ನಿಂತ ನೀರಾಗುತ್ತಿತ್ತು ಅನ್ನುವುದನ್ನು ಒಪ್ಪಲೇಬೇಕು. ವಿಗನ್‌ನಲ್ಲೂ ಎಲ್ಲ ಚೆನ್ನಾಗಿರಲಿಲ್ಲ. 1975ರ ಸುಮಾರಿಗೆ ವಿಗನ್ ಹೆಸರು ಹೇಳಿಕೊಂಡು ಬಂದ ಒಂದೆರಡು ಹಾಡು ಚಾರ್ಟ್‌ನಲ್ಲಿ ಓಡಿದವು. ಅದು ನಮ್ಮ ಸಂಗೀತ ಅಲ್ಲ ಅಂತ ನಮ್ಮ ಅಣ್ಣಂದಿರ ಕಾಲದವರು ಇವತ್ತಿಗೂ ಹೇಳುತ್ತಾರೆ.

ಹೊಸಕೇಳುಗ

ಮದ್ಯ ಇಲ್ಲದೆ ರಾತ್ರಿಯಿಡೀ ಕುಣಿಯಲು ಶಕ್ತಿ ಎಲ್ಲಿಂದ?

ಬೋಲ್ಟನ್‌ವಾಸಿ

ನೇರವಾಗಿ ಹೇಳುತ್ತೇನೆ. ನಿದ್ದೆ ಓಡಿಸುವ ಆಂಫೆಟಮಿನ್ ಮಾತ್ರೆಗಳ ಬಳಕೆ ಬಹಳ ಇತ್ತು. ಔಷಧಿ ಅಂಗಡಿಗಳ ಕಳ್ಳತನ ನಡೆಯುತ್ತಿತ್ತು. 1973ರಲ್ಲಿ ಟಾರ್ಚ್ ಮುಚ್ಚಿದ್ದರ ಹಿಂದೆಯೂ ಆ ಚಿಂತೆಯೇ ಇತ್ತು. ಜೀವ ಕಳೆದುಕೊಂಡವರು, ಜೈಲು ಕಂಡವರು ಇದ್ದಾರೆ. ನನಗೆ ಗೊತ್ತಿದ್ದ ಒಬ್ಬ ಹುಡುಗ ಅದರಿಂದ ಹೊರಗೆ ಬರಲೇ ಇಲ್ಲ. ಹಳೆಯ ದಿನ ಚೆನ್ನಾಗಿತ್ತು ಅಂತ ಬರೆಯುವವರು ಇದನ್ನು ಬಿಟ್ಟು ಬರೆದರೆ ನನಗೆ ಸಂಕಟವಾಗುತ್ತದೆ. ಏನೂ ತೆಗೆದುಕೊಳ್ಳದೆ ಬೆಳಗಿನವರೆಗೆ ಕುಣಿದವರೂ ಬಹಳ ಜನ ಇದ್ದರು. ನಾನು ಆ ಗುಂಪಿನವನು. ಡಾಕ್ಟರ ಮನೆಯ ಹುಡುಗ, ಅಪ್ಪ ಕಣ್ಣು ನೋಡಿಯೇ ಹೇಳುತ್ತಿದ್ದರು.

ಮಿಚಿಗನ್_ಮಂಜು

ಈಗ ಕ್ಯಾಸಿನೊ ಕಟ್ಟಡ ಇದೆಯಾ? ಮುಂದಿನ ಸಲ ಅಲ್ಲಿಗೆ ಬಂದಾಗ ನೋಡಬೇಕು ಅಂತ.

ಬೋಲ್ಟನ್‌ವಾಸಿ

ಇಲ್ಲ. 1981ರ ಡಿಸೆಂಬರ್ 6ರಂದು ಕೊನೆಯ ರಾತ್ರಿ. ಆ ಮೂರು ಹಾಡು ಮುಗಿದರೂ ಜನ ಹೊರಗೆ ಹೋಗಲಿಲ್ಲ. ಕೊನೆಗೆ ಫ್ರ್ಯಾಂಕ್ ವಿಲ್ಸನ್ ಹಾಡು ಹಾಕಿದರು. ಅದೇ ಅಲ್ಲಿನ ಕೊನೆಯ ಹಾಡು. ನಗರಸಭೆಗೆ ತನ್ನ ಕಚೇರಿ ವಿಸ್ತರಿಸಲು ಆ ಜಾಗ ಬೇಕಾಗಿತ್ತು. ಆಮೇಲೆ ದುಡ್ಡಿಲ್ಲದೆ ಆ ವಿಸ್ತರಣೆ ಆಗಲೇ ಇಲ್ಲ. ಕಟ್ಟಡಕ್ಕೆ ಬೆಂಕಿ ಬಿತ್ತು, 1983ರಲ್ಲಿ ಕೆಡವಿದರು. ಈಗ ಅಲ್ಲಿ ಗ್ರ್ಯಾಂಡ್ ಆರ್ಕೇಡ್ ಅಂತ ಶಾಪಿಂಗ್ ಸೆಂಟರ್ ಇದೆ.

ಆದರೆ ಕಟ್ಟಡ ಹೋದರೂ ಕುಣಿತ ನಿಲ್ಲಲಿಲ್ಲ. ಸ್ಟ್ಯಾಫರ್ಡ್‌ನ ಟಾಪ್ ಆಫ್ ದ ವರ್ಲ್ಡ್‌ನಲ್ಲಿ ನಡೆಯಿತು. ಲಂಡನ್ನಿನ 100 ಕ್ಲಬ್‌ನಲ್ಲಿ ಕ್ರೋಸ್‌ಡೆಲ್ ಅವರ ರಾತ್ರಿಗಳು ದಶಕಗಟ್ಟಲೆ ನಡೆದವು. 2023ರ ಜುಲೈನಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿ ಪ್ರಾಮ್ಸ್ ಹಬ್ಬದಲ್ಲಿ, ಬಿಬಿಸಿ ಕಾನ್ಸರ್ಟ್ ಆರ್ಕೆಸ್ಟ್ರಾ ಈ ಹಾಡುಗಳನ್ನು ನುಡಿಸಿತು. ಶಾಸ್ತ್ರೀಯ ಸಂಗೀತದ ಆ ಹಾಲ್‌ನಲ್ಲಿ! ನಾನು ಟೀವಿಯಲ್ಲಿ ನೋಡಿದೆ. ಹೆಂಡತಿಯನ್ನು ಎಬ್ಬಿಸಿ ನಿಲ್ಲಿಸಿ, ಇಬ್ಬರೂ ಮುಂದಿನ ಕೋಣೆಯಲ್ಲೇ ಕುಣಿದೆವು.

ಹೊಸಕೇಳುಗ

ಸರ್, ಒಂದು ಸುದ್ದಿ. ನನಗೆ ಲೀಡ್ಸ್‌ನಲ್ಲಿ ಎಂಎಸ್ಸಿಗೆ ಸೀಟು ಸಿಕ್ಕಿದೆ. ಸೆಪ್ಟೆಂಬರ್‌ಗೆ ಬರುತ್ತೇನೆ. ನೀವು ಹೇಳಿದ್ದೆಲ್ಲ ಕೇಳುತ್ತಾ ಇದ್ದೇನೆ. ಇನ್ನೊಂದಿಷ್ಟು ಹಾಡು ಹೇಳಿ. ಮೊದಲ ಸಲ ಹೋಗುವವರು ಏನು ಮಾಡಬೇಕು, ಏನು ಮಾಡಬಾರದು?

ತಟ್ಟೆಸಂಗ್ರಹ

ಅಭಿನಂದನೆ! ಡೋಬಿ ಗ್ರೇ ಅವರ 'ಔಟ್ ಆನ್ ದ ಫ್ಲೋರ್', ಅಲ್ ವಿಲ್ಸನ್ ಅವರ 'ದ ಸ್ನೇಕ್' ಕೇಳಿ. ಆರ್. ಡೀನ್ ಟೇಲರ್ ಅವರ 'ದೇರ್ಸ್ ಎ ಗೋಸ್ಟ್ ಇನ್ ಮೈ ಹೌಸ್' ಬಿಡಬೇಡಿ. ಅವರು ಕೆನಡಾದ ಬಿಳಿಯರು, ಮೋಟೌನ್‌ನಲ್ಲಿ ಹಾಡಿದವರು. 1967ರಲ್ಲಿ ಸೋತ ಹಾಡು, 1974ರಲ್ಲಿ ಬ್ರಿಟನ್ನಿನಲ್ಲಿ ಮೂರನೇ ಸ್ಥಾನಕ್ಕೆ ಏರಿತು.

ಶೆಫೀಲ್ಡ್_ಸುಮ

ನನ್ನ ಕಡೆಯಿಂದ ಒಂದೇ ಒಂದು. ಸ್ಯಾಂಡಿ ಶೆಲ್ಡನ್, 'ಯೂ ಆರ್ ಗೊನ್ನಾ ಮೇಕ್ ಮಿ ಲವ್ ಯೂ'. 1967, ಓಕೆ ಲೇಬಲ್. ಬರೆದವರು ವ್ಯಾನ್ ಮೆಕಾಯ್, ಆಮೇಲೆ 'ದ ಹಸಲ್' ಮಾಡಿ ಲೋಕಪ್ರಸಿದ್ಧರಾದರಲ್ಲ, ಅವರೇ. ಹಾಡಿನ ಮೊದಲ ಕೆಲವು ಕ್ಷಣ ಕೇಳಿ ಕೂತಲ್ಲೇ ಕೂತಿದ್ದರೆ ಬಂದು ನನಗೆ ಹೇಳಿ.

ಬೋಲ್ಟನ್‌ವಾಸಿ

ಸುಮ ಹೇಳಿದ್ದು ನನ್ನ ಪ್ರಾಣದ ಹಾಡು.

ಹೋಗುವಾಗ ರಬ್ಬರ್ ಅಡಿಯ ಶೂ ಬೇಡ, ನೆಲ ಕಚ್ಚಿಕೊಂಡು ಮಂಡಿ ಹೋಗುತ್ತದೆ. ಚರ್ಮದ ಅಡಿಯ ಹಳೆ ಶೂ ಯಾವುದಾದರೂ ಸಾಕು. ಪೌಡರ್ ಹಾಕಲು ಈಗ ಎಷ್ಟೋ ಹಾಲ್‌ಗಳಲ್ಲಿ ಬಿಡುವುದಿಲ್ಲ, ಮೊದಲು ಕೇಳಿ. ಕುಡಿಯುವ ಲೋಟ ಹಿಡಿದು ನೆಲಕ್ಕೆ ಇಳಿಯಬಾರದು, ಒಂದು ಹನಿ ಬಿದ್ದರೂ ತಿರುಗುವವರು ಜಾರಿ ಬೀಳುತ್ತಾರೆ. ಕುಣಿಯುವವರ ನಡುವೆ ಹಾದು ಹೋಗಬೇಡಿ, ಅಂಚು ಹಿಡಿದು ಹೋಗಿ. ತಿರುಗುವುದು, ಬಾಗುವುದು ಮೊದಲ ರಾತ್ರಿಯೇ ಬೇಡ. ಒಂದು ಮೂಲೆಯಲ್ಲಿ ನಿಂತು ಹಿರಿಯರ ಕಾಲು ನೋಡಿ. ಮೈಯ ಮೇಲಿನ ಅರ್ಧ ಹೆಚ್ಚು ಅಲ್ಲಾಡುವುದಿಲ್ಲ, ಕೆಲಸ ಎಲ್ಲ ಪಾದದ್ದು. ಹೊಸಬರು ಬಂದರೆ ಅವರಿಗೆ ಖುಷಿ, ಕೇಳಿದರೆ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾರೆ.

ಲೀಡ್ಸ್‌ನಿಂದ ಶೆಫೀಲ್ಡ್ ಹತ್ತಿರ, ಮ್ಯಾಂಚೆಸ್ಟರ್ ಕೂಡ ದೂರ ಇಲ್ಲ. ರಾತ್ರಿ ಕೊನೆಯ ರೈಲಿನ ಹೊತ್ತು ಮಾತ್ರ ಮೊದಲೇ ನೋಡಿಕೊಳ್ಳಿ. ನೀವು ಬರುವ ದಿನ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ. ಆ ತಿಂಗಳು ಎಲ್ಲೆಲ್ಲಿ ಏನೇನಿದೆ ಅಂತ ನೋಡಿ ನಾನೂ ಸುಮ ಅವರೂ ಹೇಳುತ್ತೇವೆ.